ಟೊರೆಂಟ್: ಅಪ್‌ಲೋಡ್ ಸೊನ್ನೆ ಮಾಡಿದರೆ ಡೌನ್‌ಲೋಡ್ ವೇಗ ಹೆಚ್ಚುತ್ತದೆಯೇ?

‘ಟೊರೆಂಟ್ ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ಸೊನ್ನೆ ಮಾಡಿ, ವೇಗ ಡಬಲ್ ಆಗುತ್ತೆ.’ ‘ಟೊರೆಂಟ್ ಸೈಟ್ ತೆರೆದರೆ ಸಾಕು, ಮೂರು ವರ್ಷ ಜೈಲು.’ ಈ ಎರಡೂ ಬಗೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಮೊದಲನೆಯ ಸಲಹೆ ಕೆಲಸ ಕೆಡಿಸುತ್ತದೆ. ಎರಡನೆಯದರಲ್ಲಿ ಇರುವುದು ಅರ್ಧ ಸತ್ಯ, ಆದರೆ ಆ ಅರ್ಧವನ್ನು ತಿಳಿಯದೆ ಟೊರೆಂಟ್ ಬಳಸುವುದು ಅಪಾಯ. ಒಂದೊಂದಾಗಿ ನೋಡೋಣ.

ಟೊರೆಂಟ್ ಹೇಗೆ ಕೆಲಸ ಮಾಡುತ್ತದೆ?

ಸಾಮಾನ್ಯ ಡೌನ್‌ಲೋಡ್‌ನಲ್ಲಿ ಕಡತ ಒಂದೇ ಸರ್ವರ್‌ನಿಂದ ಬರುತ್ತದೆ. ಸಾವಿರಾರು ಜನ ಒಟ್ಟಿಗೆ ಕೇಳಿದರೆ ಆ ಸರ್ವರ್ ಸುಸ್ತಾಗುತ್ತದೆ. ಇದಕ್ಕೆ ಪರಿಹಾರವಾಗಿ ಅಮೆರಿಕದ ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ರೂಪಿಸಿದರು.

ಪರೀಕ್ಷೆಯ ಹಿಂದಿನ ದಿನ ಒಬ್ಬಳ ಬಳಿ ಮಾತ್ರ ನೂರು ಪುಟದ ನೋಟ್ಸ್ ಇದೆ ಎಂದುಕೊಳ್ಳಿ. ಹತ್ತು ಗೆಳತಿಯರು ಸಾಲಾಗಿ ನಿಂತು ಪೂರ್ತಿ ನೋಟ್ಸ್ ಜೆರಾಕ್ಸ್ ಮಾಡಿಸುವ ಬದಲು ಒಬ್ಬೊಬ್ಬರೂ ಬೇರೆ ಬೇರೆ ಹತ್ತು ಪುಟ ಪಡೆದು, ಆಮೇಲೆ ತಮ್ಮತಮ್ಮಲ್ಲೇ ಹಂಚಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಟೊರೆಂಟ್ ಮಾಡುವುದೂ ಇದನ್ನೇ. ಕಡತವನ್ನು ಸಣ್ಣ ತುಣುಕುಗಳಾಗಿ ಒಡೆಯಲಾಗುತ್ತದೆ. ಪೂರ್ತಿ ಕಡತ ಇರುವವರು ‘ಸೀಡ್’, ಇನ್ನೂ ಪಡೆಯುತ್ತಿರುವವರು ‘ಪೀರ್’. ಯಾವ ತುಣುಕು ಕಡಿಮೆ ಜನರ ಬಳಿ ಇದೆಯೋ ಅದನ್ನು ಮೊದಲು ತರಿಸಿಕೊಳ್ಳುವುದು ಇದರ ಜಾಣತನ. ಹಾಗಾಗಿ ಅಪರೂಪದ ತುಣುಕು ಕಳೆದುಹೋಗುವ ಸಾಧ್ಯತೆ ಕಡಿಮೆ.

ಹಾಗಾದರೆ ಅಪ್‌ಲೋಡ್ ಸೊನ್ನೆ ಮಾಡಿದರೆ?

ಬಿಟ್‌ಟೊರೆಂಟ್‌ನ ನಿಯಮ ‘ಕೊಟ್ಟು ತೆಗೆದುಕೊ’ ಎಂಬುದು. ಪ್ರತಿಯೊಬ್ಬರ ಪ್ರೋಗ್ರಾಂ ತನಗೆ ಚೆನ್ನಾಗಿ ತುಣುಕು ಕೊಡುತ್ತಿರುವ ಕೆಲವರನ್ನು ಗುರುತಿಸಿ, ಅವರಿಗೇ ಹೆಚ್ಚು ಕೊಡುತ್ತದೆ. ಹೊಸಬರಿಗೂ ಅವಕಾಶ ಸಿಗಲೆಂದು ಆಗಾಗ ಒಬ್ಬರನ್ನು ಸುಮ್ಮನೆ ಆರಿಸಿ ಕೊಡುವ ವ್ಯವಸ್ಥೆಯೂ ಇದೆ. ನೀವು ಏನನ್ನೂ ಕೊಡದಿದ್ದರೆ ಇತರ ಪೀರ್‌ಗಳ ಪಟ್ಟಿಯಲ್ಲಿ ಕೊನೆಗೆ ಬೀಳುತ್ತೀರಿ. ಸೀಡ್‌ಗಳು ಬಹಳ ಇದ್ದಾಗ ಇದರ ಪರಿಣಾಮ ಅಷ್ಟಾಗಿ ಕಾಣದು. ಸೀಡ್‌ಗಳು ಕಡಿಮೆ ಇದ್ದರೆ ಡೌನ್‌ಲೋಡ್ ತೆವಳುತ್ತದೆ.

ಇನ್ನೊಂದು ತಮಾಷೆ ಇದೆ. ಕ್ಯೂಬಿಟ್‌ಟೊರೆಂಟ್‌ನಂಥ ಪ್ರೋಗ್ರಾಂಗಳಲ್ಲಿ ವೇಗದ ಮಿತಿಗೆ ‘0’ ಎಂದು ಬರೆದರೆ ‘ಮಿತಿಯೇ ಇಲ್ಲ’ ಎಂದರ್ಥ! ಅಪ್‌ಲೋಡ್ ನಿಲ್ಲಿಸಿದೆವು ಎಂದುಕೊಂಡವರ ಡೇಟಾ ಪೂರ್ತಿ ಬಾಗಿಲು ತೆರೆದು ಹರಿಯುತ್ತಿರುತ್ತದೆ.

ಮಿತಿ ಇಲ್ಲದಿರುವುದೂ ಒಳ್ಳೆಯದಲ್ಲ. ಡೌನ್‌ಲೋಡ್ ಆಗುವಾಗ ‘ಸಿಕ್ಕಿತು, ಮುಂದಿನದು ಕಳಿಸಿ’ ಎಂಬ ಪುಟ್ಟ ಉತ್ತರಗಳು ನಿಮ್ಮ ಕಡೆಯಿಂದ ಹೋಗುತ್ತಲೇ ಇರಬೇಕು. ಅಪ್‌ಲೋಡ್ ದಾರಿ ತುಂಬಿಹೋದರೆ ಈ ಉತ್ತರಗಳು ತಡವಾಗುತ್ತವೆ, ಡೌನ್‌ಲೋಡೂ ನಿಧಾನವಾಗುತ್ತದೆ, ಮನೆಯಲ್ಲಿ ಬೇರೆಯವರ ವಿಡಿಯೋ ಕಾಲ್ ಕೂಡ ಅಡ್ಡಾದಿಡ್ಡಿಯಾಗುತ್ತದೆ.

ಸರಿಯಾದ ಸೆಟ್ಟಿಂಗ್ಸ್ ಯಾವುವು?

1. ಅಪ್‌ಲೋಡ್ ಮಿತಿ: ಮೊದಲು ಸ್ಪೀಡ್ ಟೆಸ್ಟ್ ಮಾಡಿ. ಅಪ್‌ಲೋಡ್ ವೇಗದ ಸುಮಾರು ಶೇ. 80ರಷ್ಟನ್ನು ಮಿತಿಯಾಗಿ ಇಡುವುದು ರೂಢಿ. ಸ್ಪೀಡ್ ಟೆಸ್ಟ್ ತೋರಿಸುವುದು ಮೆಗಾಬಿಟ್, ಟೊರೆಂಟ್ ತೋರಿಸುವುದು ಬೈಟ್ ಲೆಕ್ಕ. 8 ಬಿಟ್‌ಗೆ 1 ಬೈಟ್. 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ 2.5 ಮೆಗಾಬೈಟ್ ಆಯಿತು. ಅದರ ಶೇ. 80 ಎಂದರೆ 2 ಮೆಗಾಬೈಟ್, ಅಂದರೆ ಸುಮಾರು 2000 ಕಿಲೋಬೈಟ್. ‘100 ಮೆಗಾಬಿಟ್ ಪ್ಲಾನ್ ಹಾಕಿಸಿದ್ದೇನೆ, 12ಕ್ಕಿಂತ ಮೇಲೆ ಹೋಗುತ್ತಲೇ ಇಲ್ಲ’ ಎಂಬ ದೂರಿಗೂ ಇದೇ ಉತ್ತರ: 100ನ್ನು 8ರಿಂದ ಭಾಗಿಸಿದರೆ 12.5.

2. ಒಮ್ಮೆಗೆ ಎರಡು ಮೂರು ಕಡತ ಸಾಕು: ಹತ್ತನ್ನು ಒಟ್ಟಿಗೆ ಹಾಕಿದರೆ ನಿಮ್ಮ ಅಪ್‌ಲೋಡ್ ಹತ್ತು ಪಾಲಾಗುತ್ತದೆ. ಪ್ರತಿಯೊಂದರಲ್ಲೂ ನೀವು ‘ಕಡಿಮೆ ಕೊಡುವವರು’ ಆಗುತ್ತೀರಿ.

3. ಸಂಪರ್ಕಗಳ ಸಂಖ್ಯೆ: ಸಾವಿರಾರು ಸಂಪರ್ಕ ಇಟ್ಟರೆ ಅಗ್ಗದ ರೂಟರ್ ಒದ್ದಾಡುತ್ತದೆ. ಟೊರೆಂಟ್ ಹಚ್ಚಿದಾಗಲೆಲ್ಲ ವೈಫೈ ಕೈಕೊಡುತ್ತಿದ್ದರೆ ಒಟ್ಟು ಸಂಪರ್ಕವನ್ನು 100–200ಕ್ಕೆ ಇಳಿಸಿ ನೋಡಿ.

4. ಪೋರ್ಟ್: ಹೊರಗಿನವರು ನಿಮ್ಮ ಪ್ರೋಗ್ರಾಂ ತಲುಪಲು ರೂಟರ್‌ನಲ್ಲಿ ಒಂದು ಬಾಗಿಲು ತೆರೆದಿರಬೇಕು. ಎಷ್ಟೋ ರೂಟರ್‌ಗಳಲ್ಲಿ ಯುಪಿಎನ್‌ಪಿ ಎಂಬ ಸೌಲಭ್ಯ ಇದನ್ನು ತಾನಾಗಿಯೇ ಮಾಡುತ್ತದೆ. ಮೊಬೈಲ್ ಡೇಟಾದಲ್ಲಿ ಮತ್ತು ಕೆಲವು ಬ್ರಾಡ್‌ಬ್ಯಾಂಡ್‌ಗಳಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತಾರೆ. ಅಲ್ಲಿ ರೂಟರ್‌ನಲ್ಲಿ ಏನು ಮಾಡಿದರೂ ಪೋರ್ಟ್ ತೆರೆಯದು. ಆದರೂ ಡೌನ್‌ಲೋಡ್ ನಡೆಯುತ್ತದೆ, ಸಂಪರ್ಕಕ್ಕೆ ಸಿಗುವ ಪೀರ್‌ಗಳು ಕಡಿಮೆ, ಅಷ್ಟೇ.

5. ಫೋನ್‌ನಲ್ಲಿ: ‘ವೈಫೈ ಇದ್ದಾಗ ಮಾತ್ರ’ ಎಂಬ ಆಯ್ಕೆಯನ್ನು ಮರೆಯದೆ ಹಾಕಿ. ಡೌನ್‌ಲೋಡ್ ಮುಗಿದ ಮೇಲೂ ಸೀಡಿಂಗ್ ಮುಂದುವರಿಯುತ್ತದೆ. 2 ಜಿಬಿ ಕಡತ ಪಡೆದು ಅಷ್ಟೇ ಹಿಂತಿರುಗಿಸಿದರೆ ಒಟ್ಟು 4 ಜಿಬಿ ಖರ್ಚು. ದಿನಕ್ಕೆ 1.5 ಜಿಬಿ ಪ್ಲಾನ್ ಇರುವವರಿಗೆ ಇದು ದುಬಾರಿ. ಆ್ಯಪ್ ಅನ್ನು ಪರದೆಯಿಂದ ಸರಿಸಿದ ಮಾತ್ರಕ್ಕೆ ಅದು ನಿಲ್ಲುತ್ತದೆ ಎಂದು ನಂಬಬೇಡಿ, ಒಳಗೆ ಹೋಗಿ ನಿಲ್ಲಿಸಿ.

‘ನೂರು ಟ್ರ್ಯಾಕರ್ ಸೇರಿಸಿ’, ‘ಸ್ಪೀಡ್ ಬೂಸ್ಟರ್ ಹಾಕಿ’ ಎಂಬ ಸಲಹೆಗಳು?

ಟ್ರ್ಯಾಕರ್ ಎಂದರೆ ಯಾರ ಬಳಿ ಕಡತ ಇದೆ ಎಂದು ಹೇಳುವ ವಿಳಾಸ ಪುಸ್ತಕ. ಪುಸ್ತಕ ನೂರಿದ್ದರೂ ಕಡತ ಇರುವವರೇ ಇಬ್ಬರಾದರೆ ಸಿಗುವುದು ಇಬ್ಬರೇ. ಟ್ರ್ಯಾಕರ್ ಇಲ್ಲದೆಯೂ ಪೀರ್‌ಗಳು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಡಿಎಚ್‌ಟಿ ವ್ಯವಸ್ಥೆ ಇದೆ, ಅದನ್ನು ಚಾಲೂ ಇಟ್ಟರೆ ಬಹುಪಾಲು ಸಾಕು. ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಸೀಡ್‌ಗಳ ಸಂಖ್ಯೆ ಮತ್ತು ಅವರ ಅಪ್‌ಲೋಡ್ ವೇಗ. ಅದನ್ನು ಯಾವ ‘ಬೂಸ್ಟರ್’ ಆ್ಯಪ್ ಕೂಡ ಹೆಚ್ಚಿಸಲಾರದು.

ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರುವ ಎಪಿಕೆ ಕಡತಗಳನ್ನಂತೂ ಮುಟ್ಟಬೇಡಿ. 2016ರ ಮಾರ್ಚ್‌ನಲ್ಲಿ ಟ್ರಾನ್ಸ್‌ಮಿಷನ್ ಎಂಬ ಹೆಸರಾಂತ ಪ್ರೋಗ್ರಾಂನ ಮ್ಯಾಕ್ ಆವೃತ್ತಿಗೆ ಅಧಿಕೃತ ತಾಣದಲ್ಲೇ ಯಾರೋ ರಾನ್ಸಮ್‌ವೇರ್ ತುರುಕಿದ್ದರು. ಬೇಗ ಪತ್ತೆಯಾಗಿ ಸರಿಪಡಿಸಲಾಯಿತು. ಅಧಿಕೃತ ತಾಣಕ್ಕೇ ಹಾಗಾದರೆ ಗುರುತಿಲ್ಲದವರು ಕಳಿಸಿದ ಎಪಿಕೆಯ ಗತಿ ಏನು? ಮುಕ್ತ ತಂತ್ರಾಂಶಗಳಾದ ಕ್ಯೂಬಿಟ್‌ಟೊರೆಂಟ್, ಟ್ರಾನ್ಸ್‌ಮಿಷನ್, ಆಂಡ್ರಾಯ್ಡ್‌ಗಾದರೆ ಲಿಬ್ರೆಟೊರೆಂಟ್‌ನಂಥವನ್ನು ಅವುಗಳದೇ ತಾಣದಿಂದ ಪಡೆದು, ಅಪ್‌ಡೇಟ್ ಮಾಡುತ್ತಿರಿ.

ಪ್ರತಿ ತುಣುಕನ್ನೂ ಹ್ಯಾಶ್ ಎಂಬ ಡಿಜಿಟಲ್ ಬೆರಳಚ್ಚಿನೊಂದಿಗೆ ಹೋಲಿಸಿ ನೋಡುವುದರಿಂದ ‘ಟೊರೆಂಟ್‌ನಲ್ಲಿ ವೈರಸ್ ಬರಲ್ಲ’ ಎನ್ನುವವರಿದ್ದಾರೆ. ಇದು ತಪ್ಪು. ಮೂಲದಲ್ಲಿ ಹಾಕಿದ್ದೇ ನಿಮಗೆ ಬಂದಿದೆ ಎಂಬುದನ್ನಷ್ಟೇ ಹ್ಯಾಶ್ ಖಾತ್ರಿಪಡಿಸುತ್ತದೆ. ಮೂಲದಲ್ಲೇ ವೈರಸ್ ಇದ್ದರೆ ಅದೂ ಚಾಚೂ ತಪ್ಪದೆ ಬರುತ್ತದೆ.

ಇನ್ನು ಜೈಲಿನ ವಿಷಯ

ಬಿಟ್‌ಟೊರೆಂಟ್ ತಂತ್ರಜ್ಞಾನ ಬಳಸುವುದು ಅಪರಾಧವಲ್ಲ. ಉಬುಂಟು, ಲಿಬ್ರೆಆಫೀಸ್ ತಂತ್ರಾಂಶಗಳನ್ನು ಅವುಗಳ ತಯಾರಕರೇ ಟೊರೆಂಟ್ ಮೂಲಕ ಕೊಡುತ್ತಾರೆ. ಕನ್ನಡದ ಎಷ್ಟೋ ಹಳೆಯ ಪುಸ್ತಕಗಳಿರುವ ಇಂಟರ್ನೆಟ್ ಆರ್ಕೈವ್ ಕೂಡ 2012ರಿಂದ ಈ ಸೌಲಭ್ಯ ನೀಡುತ್ತಿದೆ.

2016ರ ಆಗಸ್ಟ್‌ನಲ್ಲಿ ನಿರ್ಬಂಧಿತ ಸೈಟ್ ತೆರೆದವರಿಗೆ ‘ನೋಡುವುದೂ ಶಿಕ್ಷಾರ್ಹ, 3 ವರ್ಷ ಜೈಲು, 3 ಲಕ್ಷ ದಂಡ’ ಎಂಬ ಎಚ್ಚರಿಕೆ ಕಾಣಿಸಿತ್ತು. ಸುಮ್ಮನೆ ನೋಡುವುದೇ ಅಪರಾಧವಲ್ಲ, ಅನುಮತಿಯಿಲ್ಲದೆ ಹಂಚುವುದು, ಸಾರ್ವಜನಿಕವಾಗಿ ಪ್ರದರ್ಶಿಸುವುದು, ಮಾರಾಟಕ್ಕೆ ಅಥವಾ ಬಾಡಿಗೆಗೆ ಕೊಡುವುದು ಅಪರಾಧ ಎಂದು ಬಾಂಬೆ ಹೈಕೋರ್ಟ್ ಆಗ ಸ್ಪಷ್ಟಪಡಿಸಿತು. ಇಂದಿಗೂ ಓಡಾಡುವ ಫಾರ್ವರ್ಡ್‌ನಲ್ಲಿ ಈ ಎರಡನೆಯ ಭಾಗ ಇರುವುದಿಲ್ಲ.

ಆದರೆ ‘ಹಾಗಾದರೆ ಹೊಸ ಸಿನಿಮಾ ಇಳಿಸಿಕೊಳ್ಳಬಹುದು’ ಎಂದು ನಿರಾಳವಾಗಬೇಡಿ. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುತ್ತಲೇ ನೀವು ಇತರರಿಗೆ ಹಂಚುತ್ತಲೂ ಇರುತ್ತೀರಿ. ‘ನಾನು ಬರೀ ಡೌನ್‌ಲೋಡ್ ಮಾಡಿದೆ’ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದು ಕಷ್ಟ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಜೊತೆಗೆ, ಅದೇ ಕಡತ ಹಂಚಿಕೊಳ್ಳುತ್ತಿರುವ ಯಾರಿಗೆ ಬೇಕಾದರೂ ನಿಮ್ಮ ಐಪಿ ವಿಳಾಸ ಕಾಣುತ್ತದೆ. ಬ್ರೌಸರ್‌ನ ಇನ್‌ಕಾಗ್ನಿಟೋ ಇದನ್ನು ಮರೆಮಾಡುವುದಿಲ್ಲ. ವಿಪಿಎನ್ ಮರೆಮಾಡಬಹುದು, ಆದರೆ ಅಕ್ರಮವನ್ನು ಸಕ್ರಮ ಮಾಡಲಾರದು.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ಅಪ್‌ಲೋಡ್ ನಿಲ್ಲಿಸಬೇಡಿ, ಶೇ. 80ರ ಮಿತಿ ಇಡಿ. ಪ್ರೋಗ್ರಾಂ ಅನ್ನು ಅಧಿಕೃತ ತಾಣದಿಂದಲೇ ಪಡೆಯಿರಿ. ಫೋನ್‌ನಲ್ಲಿ ವೈಫೈ ಇದ್ದಾಗ ಮಾತ್ರ ಬಳಸಿ. ಹಂಚಲು ಅನುಮತಿ ಇರುವ ಕಡತವನ್ನಷ್ಟೇ ಇಳಿಸಿಕೊಳ್ಳಿ, ಏಕೆಂದರೆ ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವುದೆಂದರೆ ಹಂಚುವುದೂ ಹೌದು.