ಮುರಿದ ಮೂಳೆಯನ್ನು ಕಾಣುವ ಬಗೆ

ನೂರಮೂವತ್ತು ವರ್ಷಗಳ ಹಿಂದೆ ಮೂಳೆ ಮುರಿದಿದೆಯೇ ಇಲ್ಲವೇ ಎಂದು ತಿಳಿಯಲು ವೈದ್ಯರಿಗಿದ್ದ ಉಪಕರಣಗಳು ಎರಡೇ: ಕಣ್ಣು ಮತ್ತು ಕೈಬೆರಳು. ಊತ, ಸೊಟ್ಟತನ, ಒತ್ತಿದಾಗಿನ ನೋವು, ಮುರಿದ ತುದಿಗಳು ಉಜ್ಜಿದಾಗಿನ ಕರಕರ ಸದ್ದು, ಇವುಗಳಿಂದಲೇ ಊಹಿಸಬೇಕಿತ್ತು. ಊಹೆ ತಪ್ಪಿದರೆ ಕೈಯೋ ಕಾಲೋ ಸೊಟ್ಟಗೆ ಕೂಡಿಕೊಳ್ಳುತ್ತಿತ್ತು.

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್‌ಜೆನ್ ಹೊಸ ಕಿರಣವೊಂದನ್ನು ಗಮನಿಸಿದರು. ಅದರ ಸ್ವರೂಪ ತಿಳಿಯದ ಕಾರಣ, ಬೀಜಗಣಿತದ ಅಜ್ಞಾತ ರಾಶಿಯ ಹೆಸರನ್ನೇ ಅದಕ್ಕೆ ಕೊಟ್ಟರು. ಕನ್ನಡದಲ್ಲಿ ಅದು ‘ಕ್ಷ-ಕಿರಣ’ವಾಯಿತು. ಡಿಸೆಂಬರ್ 22ರಂದು ಅವರ ಪತ್ನಿಯ ಕೈಮೂಳೆಗಳು, ಬೆರಳಿನ ಉಂಗುರದ ಸಮೇತ, ಫಲಕದ ಮೇಲೆ ಮೂಡಿದವು. ಎರಡು ತಿಂಗಳೂ ಕಳೆಯುವ ಮೊದಲೇ, 1896ರ ಫೆಬ್ರವರಿ 3ರಂದು, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಹಿಮದ ಮೇಲೆ ಜಾರುವಾಗ ಬಿದ್ದ ಹುಡುಗನೊಬ್ಬನ ಮಣಿಕಟ್ಟಿನ ಮುರಿತವನ್ನು ಈ ಕಿರಣ ತೋರಿಸಿತು. ಅವನು ಸುಮಾರು 20 ನಿಮಿಷ ಕೈ ಅಲುಗಿಸದೆ ಕೂರಬೇಕಾಯಿತು.

ಈ ಬೆಳಕಿಗೆ ಬೆಲೆಯನ್ನೂ ತೆರಬೇಕಾಯಿತು. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕ್ಷ-ಕಿರಣದ ಪ್ರಯೋಗಗಳಲ್ಲಿ ತಮ್ಮ ಕೈಗಳನ್ನೇ ಒಡ್ಡುತ್ತಿದ್ದರು. ಕ್ಯಾನ್ಸರ್‌ಗೆ ತುತ್ತಾಗಿ 1904ರಲ್ಲಿ ತೀರಿಕೊಂಡರು.

ಕ್ಷ-ಕಿರಣ ಚಿತ್ರ ಮೂಲತಃ ಒಂದು ನೆರಳು. ಹಿಂದಿನದೂ ಮುಂದಿನದೂ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದಲೇ ಕನಿಷ್ಠ ಎರಡು ದಿಕ್ಕುಗಳಿಂದ ಚಿತ್ರ ತೆಗೆಯುತ್ತಾರೆ. ಈ ತೊಡಕನ್ನು ಬಿಡಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಅವರ ಸಿ.ಟಿ. ಯಂತ್ರ 180 ಕೋನಗಳಿಂದ ಅಳತೆ ಪಡೆದು, ಗಣಕದ ನೆರವಿನಿಂದ ದೇಹದ ಅಡ್ಡಸೀಳಿಕೆಯ ಚಿತ್ರ ಕಟ್ಟಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. ಬೆನ್ನುಹುರಿಯ ಸುತ್ತಲಿನ ಮೂಳೆ, ಸೊಂಟ, ಕೀಲುಗಳಲ್ಲಿ ಚೂರುಗಳು ಎಲ್ಲಿ ಸರಿದಿವೆ ಎಂಬುದನ್ನು ಸಿ.ಟಿ. ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಸಾಮಾನ್ಯವಾಗಿ ವಿಕಿರಣದ ಪ್ರಮಾಣ ಹೆಚ್ಚು.

1973ರಲ್ಲಿ ಪಾಲ್ ಲಾಟರ್‌ಬರ್ ಪ್ರಕಟಿಸಿದ ವಿಧಾನದಿಂದ ಬೆಳೆದ ಎಂ.ಆರ್.ಐ.ಗೆ ಕ್ಷ-ಕಿರಣ ಬೇಕಿಲ್ಲ. ಪ್ರಬಲ ಕಾಂತಕ್ಷೇತ್ರದಲ್ಲಿ ನೀರು, ಕೊಬ್ಬುಗಳ ಹೈಡ್ರೋಜನ್ ನ್ಯೂಕ್ಲಿಯಸ್ಸುಗಳು ಕೊಡುವ ಸಂಕೇತವನ್ನೇ ಅದು ಚಿತ್ರವಾಗಿಸುತ್ತದೆ. ಮುರಿತದ ಗೆರೆ ಕಾಣದಿದ್ದರೂ ಮಜ್ಜೆಯಲ್ಲಿ ಸೇರಿದ ನೀರು, ರಕ್ತ ಕಾಣುತ್ತವೆ. ಯಂತ್ರ ದುಬಾರಿ, ಸಮಯವೂ ಹೆಚ್ಚು ಬೇಕು.

ಹಾಗಾದರೆ ಯಾವುದು ಶ್ರೇಷ್ಠ? ಒಂದು ಉದಾಹರಣೆ ನೋಡೋಣ. ಆಟದಲ್ಲಿ ಅಂಗೈ ಊರಿ ಬಿದ್ದ ವಿದ್ಯಾರ್ಥಿಗೆ ಹೆಬ್ಬೆರಳಿನ ಬುಡದ ಗುಳಿಯಲ್ಲಿ ನೋವು. ಅಲ್ಲಿರುವ ಸ್ಕ್ಯಾಫಾಯ್ಡ್ ಎಂಬ ಪುಟ್ಟ ಮೂಳೆಯ ಮುರಿತ ಮೊದಲ ಕ್ಷ-ಕಿರಣ ಚಿತ್ರದಲ್ಲಿ ಕಾಣದೆ ಹೋಗಬಹುದು. ‘ಬರೀ ಉಳುಕು’ ಎಂದು ಬಿಟ್ಟರೆ, ರಕ್ತ ಸಾಲದೆ ಮೂಳೆಯ ಒಂದು ಭಾಗ ಸಾಯಬಹುದು. ಆದ್ದರಿಂದ ವೈದ್ಯರು ಕೈಗೆ ಪಟ್ಟು ಹಾಕಿ ಸುಮಾರು ಎರಡು ವಾರದ ನಂತರ ಮತ್ತೆ ಚಿತ್ರ ತೆಗೆಸುತ್ತಾರೆ. ಅನುಕೂಲವಿದ್ದಲ್ಲಿ ಬೇಗನೆ ಎಂ.ಆರ್.ಐ. ಮಾಡಿಸುತ್ತಾರೆ.

ಅಂದರೆ, ಎಲ್ಲಿ ಚಿತ್ರ ತೆಗೆಯಬೇಕು, ಯಾವ ಚಿತ್ರ ಬೇಕು ಎಂಬುದನ್ನು ಮೊದಲು ಹೇಳುವುದು ಇಂದಿಗೂ ನೋವನ್ನು ಹುಡುಕುವ ಆ ಹಳೆಯ ಬೆರಳೇ. ಚಿತ್ರ ಚೆನ್ನಾಗಿದ್ದರೂ ನೋವು ಉಳಿದರೆ, ಸುಮ್ಮನಿರದೆ ಮತ್ತೆ ಕೇಳಿ.