ಗೆಂಗಾರ್

ಗೆಂಗಾರ್ ಜಪಾನಿನ ಪೋಕೆಮಾನ್ ವಿಡಿಯೊ ಗೇಮ್ ಸರಣಿಯಲ್ಲಿ ಬರುವ, ಭೂತ ಮತ್ತು ವಿಷ ಎಂಬ ಎರಡು ಬಗೆಗಳಿಗೆ ಸೇರಿದ ಕಾಲ್ಪನಿಕ ಜೀವಿ. 1996ರ ರೆಡ್ ಮತ್ತು ಗ್ರೀನ್ ಆಟಗಳಲ್ಲಿ ಮೊದಲು ಕಾಣಿಸಿಕೊಂಡಿತು. ಹಾಂಟರ್ ಎಂಬ ಜೀವಿಯನ್ನು ಇನ್ನೊಬ್ಬ ಆಟಗಾರನೊಂದಿಗೆ ವಿನಿಮಯ ಮಾಡಿಕೊಂಡಾಗ ಅದು ಗೆಂಗಾರ್ ಆಗುತ್ತದೆ. ವೇಗ 110, ವಿಶೇಷ ದಾಳಿ 130. ದೇಹಬಲ ಮತ್ತು ರಕ್ಷಣೆ ತಲಾ 60 ಮಾತ್ರ.

ಸ್ಪರ್ಧೆಯಲ್ಲಿ ಇದರ ಬೆಲೆ ಏರಿಳಿದಿರುವುದು ಬಹುಪಾಲು ನಿಯಮಗಳ ಬದಲಾವಣೆಯಿಂದ. ಆರಂಭದಲ್ಲಿ ಸಾಮಾನ್ಯ ಬಗೆಯ ದಾಳಿಗಳು ತಾಗದಿರುವುದೇ ಇದರ ಬಲವಾಗಿತ್ತು. ಆದರೆ ವಿಷದ ಬಗೆಯಿಂದಾಗಿ ಭೂಕಂಪದಂಥ ನೆಲದ ದಾಳಿಗಳಿಗೆ ಸುಲಭವಾಗಿ ಬಲಿಯಾಗುತ್ತಿತ್ತು. 2002ರ ರೂಬಿ, ಸಫೈರ್ ಆಟಗಳು ನೆಲದ ದಾಳಿಗಳು ತಾಗದಂತೆ ಮಾಡುವ ಲೆವಿಟೇಟ್ ಸಾಮರ್ಥ್ಯ ಕೊಟ್ಟು ಈ ಕೊರತೆ ನೀಗಿಸಿದವು. ಆದರೂ ಭೂತ ಮತ್ತು ವಿಷದ ದಾಳಿಗಳನ್ನೆಲ್ಲ ದೈಹಿಕವೆಂದೇ ಎಣಿಸುತ್ತಿದ್ದ ಕಾರಣ, ಸ್ವಂತ ಬಗೆಯ ಶ್ಯಾಡೊ ಬಾಲ್ ಎಂಬ ದಾಳಿ ಕೂಡ ಇದರ 65ರ ದುರ್ಬಲ ದೈಹಿಕ ದಾಳಿಯನ್ನೇ ನೆಚ್ಚಬೇಕಿತ್ತು. ಪ್ರತಿ ದಾಳಿಯನ್ನೂ ಬಿಡಿಯಾಗಿ ದೈಹಿಕ ಅಥವಾ ವಿಶೇಷ ಎಂದು ವಿಂಗಡಿಸಿದ 2006ರ ಡೈಮಂಡ್, ಪರ್ಲ್ ಆಟಗಳಲ್ಲಿ ಅದೇ ಶ್ಯಾಡೊ ಬಾಲ್ ವಿಶೇಷ ದಾಳಿಯಾಗಿ, ಇದರ 130ರ ಬಲವನ್ನು ಬಳಸುವಂತಾಯಿತು. ಗೆಂಗಾರ್‌ನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲವೆನ್ನಬಹುದು.

2013ರ ಎಕ್ಸ್, ವೈ ಆಟಗಳಲ್ಲಿ ಬಂದ ಮೆಗಾ ಗೆಂಗಾರ್ ಎಂಬ ಹೆಚ್ಚು ಬಲಿಷ್ಠ ರೂಪವು, ಎದುರಾಳಿ ಹಿಂದೆ ಸರಿಯದಂತೆ ತಡೆಯುವ ಶ್ಯಾಡೊ ಟ್ಯಾಗ್ ಸಾಮರ್ಥ್ಯ ಮತ್ತು 170ರ ವಿಶೇಷ ದಾಳಿಯಿಂದ ಅತಿ ಪ್ರಬಲವಾಯಿತು. ಸ್ಮೋಗನ್ ಆಟಗಾರರ ಸಮುದಾಯ ಅದನ್ನು ಸಾಮಾನ್ಯ ವರ್ಗದಿಂದ ನಿಷೇಧಿಸಿ, ಅತಿ ಪ್ರಬಲ ಜೀವಿಗಳ ಉಬರ್ಸ್ ವರ್ಗಕ್ಕೆ ಸೇರಿಸಿತು. 2016ರ ಸನ್, ಮೂನ್ ಆಟಗಳಲ್ಲಿ ಲೆವಿಟೇಟ್ ಬದಲು ಕರ್ಸ್ಡ್ ಬಾಡಿ ಎಂಬ ಬೇರೆ ಸಾಮರ್ಥ್ಯ ಬಂದು, ನೆಲದ ದಾಳಿಗಳ ಹಳೆಯ ಭಯ ಮರಳಿತು. 2019ರ ಸ್ವೋರ್ಡ್, ಶೀಲ್ಡ್ ಆಟಗಳು ಮೆಗಾ ರೂಪವನ್ನು ಕೈಬಿಟ್ಟು ಜೈಗಾಂಟಾಮ್ಯಾಕ್ಸ್ ಎಂಬ ದೈತ್ಯ ರೂಪವನ್ನು ನೀಡಿದವು.