ಗಿರಿಯ ಹಾದಿ: ಗುದ್ದಲಿಯೂ ಉಳಿಯೂ

ಬಸದಿಗಳನ್ನು ಕಟ್ಟಿಸಿದವರ, ಜಿನಬಿಂಬಗಳನ್ನು ಮಾಡಿಸಿದವರ ಹೆಸರುಗಳು ನಮ್ಮ ಶಾಸನಗಳಲ್ಲಿ ವಿಪುಲವಾಗಿ ದೊರೆಯುತ್ತವೆ. ಆ ಬಸದಿಗೆ ಹೋಗುವ ಹಾದಿಯನ್ನು ಮಾಡಿಸಿದವರ ಹೆಸರು ದೊರೆಯುವುದು ವಿರಳ. ಜೈನರಿಗಾದರೋ ಹಾದಿಯೆಂಬುದು ಕೇವಲ ಅನುಕೂಲದ ಸಂಗತಿಯಲ್ಲ. ಮುನಿಗಳು ಈರ್ಯಾಸಮಿತಿಯನ್ನು ಪಾಲಿಸುತ್ತ, ಹಗಲು ಹೊತ್ತಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜನರು ತುಳಿದು ಸವೆಸಿದ ದಾರಿಯಲ್ಲಿಯೇ ನಡೆಯತಕ್ಕವರು. ಹುಲ್ಲು ಮುಚ್ಚಿದ, ಕೆಸರು ತುಂಬಿದ ದಾರಿ ಅವರ ವಿಹಾರಕ್ಕೆ ತಕ್ಕುದಲ್ಲ.

ಹುಬ್ಬಳ್ಳಿ-ಧಾರವಾಡದ ನೆಲವನ್ನು ಬಲ್ಲವರಿಗೆ ಇದರ ಕಷ್ಟ ಗೊತ್ತಿದ್ದದ್ದೇ. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಎರೆಮಣ್ಣು. ಎರೆನೆಲವು ಮಳೆಯಲ್ಲಿ ಉಬ್ಬಿ ಕಾಲನ್ನು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆಯುತ್ತದೆ. ಇಂಥಲ್ಲಿ ಕಾಲುದಾರಿ ನಿಲ್ಲಬೇಕಾದರೆ ಗುದ್ದಲಿಯಿಂದ ಮೇಲ್ಮಣ್ಣನ್ನು ತೆಗೆದು, ಗರಸು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ನಡುವನ್ನು ತುಸು ಎತ್ತರಿಸಿ, ಎರಡೂ ಬದಿಗೆ ಕಾಲುವೆ ತೋಡಬೇಕು. ನೃಪತುಂಗ ಬೆಟ್ಟದಂಥ ಇಳಿಜಾರಿನಲ್ಲಿ ದಾರಿಯನ್ನು ನೇರವಾಗಿ ಏರಿಸಿದರೆ ಮಳೆನೀರು ಅದನ್ನೇ ಹಳ್ಳ ಮಾಡಿಕೊಳ್ಳುತ್ತದೆ. ಆದುದರಿಂದ ಓರೆಯಾಗಿ ಬಳಸಿ ಒಯ್ಯಬೇಕು, ಅಲ್ಲಲ್ಲಿ ಅಡ್ಡಗಲ್ಲು ಹೂಳಿ ನೀರನ್ನು ಬದಿಗೆ ತಿರುಗಿಸಬೇಕು. (ಆ ಬೆಟ್ಟಕ್ಕೆ ಹೆಸರು ಕೊಟ್ಟ ಅರಸನ ಆಸ್ಥಾನದ ಕೃತಿ 'ಕವಿರಾಜಮಾರ್ಗ'ದ ಹೆಸರಿನಲ್ಲಿಯೂ ಒಂದು ಮಾರ್ಗವಿರುವುದು ಸೊಗಸು.) ಇಷ್ಟು ಮಾಡಿದರೂ ಮಣ್ಣಿನ ಹಾದಿ ಪ್ರತಿ ಮಳೆಗಾಲದ ತರುವಾಯ ಮತ್ತೆ ದುರಸ್ತಿಯನ್ನು ಬೇಡುತ್ತದೆ.

ಈ ಭಾಗದ ಶ್ರಾವಕರು ಯಾತ್ರೆಗೆ ಹೋಗುವ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಸಮಸ್ಯೆಯೇ ಬೇರೆ. ಬಯಲಿನಿಂದ ಸುಮಾರು 470 ಅಡಿ ಏರಿ ನಿಂತ ಆ ಬರಿಬಂಡೆಯ ಮೇಲೆ ಗುದ್ದಲಿಗೆ ಕೆಲಸವಿಲ್ಲ; ಅಲ್ಲಿ ಉಳಿ-ಸುತ್ತಿಗೆಗಳದೇ ಆಳ್ವಿಕೆ. ಕಲ್ಲನ್ನು ತಂದು ಜೋಡಿಸದೆ ಬೆಟ್ಟದ ಮೈಯನ್ನೇ ಕಡಿದು ಮೆಟ್ಟಿಲು ಮಾಡಿದ್ದಾರೆ. ನುಣುಪಾದ ಇಳಿಜಾರಿನ ಮೇಲೆ ಜೋಡಿಸಿಟ್ಟ ಕಲ್ಲು ಒಂದಿಲ್ಲೊಂದು ದಿನ ಜಾರೀತು, ಕಡಿದ ಮೆಟ್ಟಿಲಿಗೆ ಆ ಭಯವಿಲ್ಲ. ಆದರೆ ಬರಿಗಾಲಿನ ಸವೆತದಿಂದ ಅದೂ ನುಣುಪಾಗುತ್ತದೆ. ಬೀಸುವ ಕಲ್ಲಿಗೆ ಕಚ್ಚು ಹಾಕುವಂತೆ ಇಂಥ ಮೆಟ್ಟಿಲಿಗೂ ಉಳಿಯ ಪೆಟ್ಟು ಬೇಕಾಗುತ್ತದೆ. ಹಳೆಯ ಗ್ರಂಥಗಳು ಮೆಟ್ಟಿಲುಗಳನ್ನು ಸುಮಾರು 500 ಎಂದರೆ ಇಂದಿನವರು ಆರುನೂರಕ್ಕೂ ಮೇಲೆ ಎಣಿಸುತ್ತಾರೆ.

ಇಲ್ಲಿ ಮಾತ್ರ ಹಾದಿ ಮಾಡಿಸಿದವನೊಬ್ಬನ ಹೆಸರು ಉಳಿದಿದೆ. ಹೊಯ್ಸಳರ ದಂಡನಾಯಕ ಭರತೇಶ್ವರನು ಗಂಡವಿಮುಕ್ತ ಸಿದ್ಧಾಂತದೇವರ ಶಿಷ್ಯ. ಒಂದೇ ಬಂಡೆಯಲ್ಲಿ ಕಡೆದ ಅಖಂಡ ಬಾಗಿಲಿನ ಇಕ್ಕೆಲದಲ್ಲಿ ಭರತ-ಬಾಹುಬಲಿಗಳ ಮೂರ್ತಿಗಳನ್ನು ಕ್ರಿ.ಶ. 1130ರ ಸುಮಾರಿಗೆ ನಿಲ್ಲಿಸಿದವನು ಇವನೇ. ಆ ಬಾಗಿಲಿಗೆ ಏರುವ ಸೋಪಾನವನ್ನೂ ಇವನೇ ಮಾಡಿಸಿದನೆಂದು 1160ರ ಸುಮಾರಿನ ಶಾಸನದಿಂದ ತಿಳಿದುಬರುತ್ತದೆ. ಮೂರ್ತಿಯೊಡನೆ ಮೆಟ್ಟಿಲನ್ನೂ ಶಾಸನಕ್ಕೆ ಯೋಗ್ಯವೆಂದು ಎಣಿಸಿದ್ದು ಗಮನಾರ್ಹ.

ಎದುರಿನ ಚಂದ್ರಗಿರಿಯಲ್ಲಿ ಉಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಭದ್ರಬಾಹುವನ್ನು ಸ್ಮರಿಸುವ, ಕ್ರಿ.ಶ. 600ರ ಸುಮಾರಿನ ಶಾಸನವೂ ಸಲ್ಲೇಖನ ವ್ರತದಿಂದ ದೇಹವಿಟ್ಟವರ ಅನೇಕ ಸ್ಮಾರಕಲೇಖಗಳೂ ಅಲ್ಲಿ ನಡೆಯುವ ಬಂಡೆಯ ಮೇಲೆಯೇ ಇವೆ. ಭಕ್ತರ ಪಾದಗಳೇ ಅಕ್ಷರಗಳನ್ನು ಸವೆಸಬಲ್ಲವು. ಆದುದರಿಂದ ಮುಖ್ಯ ಶಾಸನಗಳಿಗೆ ಆವರಣ ಹಾಕಲಾಗಿದೆ. ಯಾತ್ರಿಕರು ಬದಿಯಿಂದ ಸುತ್ತಿ ಬಸದಿಗಳಿಗೆ ಹೋಗುತ್ತಾರೆ.